ಬಿಟ್ಟುಹೋದ ನೂರು

ಐಜಾರ್ಕಿನ್, ಹಾಳೆಯಲ್ಲಿ ನೀನು ಬರೆದದ್ದು ತಪ್ಪಲ್ಲ:
ಮಾತ್ರೆ, ಯಾವುದೂ ಇಲ್ಲ. ಅಲರ್ಜಿ, ಇಲ್ಲ.
ನಾನೂ ಹಾಗೆಯೇ ಬರೆದಿದ್ದೆ,
ಆತ್-ಬಾಶಿಯ ಇದೇ ಆಸ್ಪತ್ರೆಯಲ್ಲಿ, ಒಂದು ಅಕ್ಟೋಬರಿನಲ್ಲಿ,
ಮುಕಾಶ್ ಎಂಬ ಕುರಿಗಾಹಿಯ ಹೆಸರಿನ ಕೆಳಗೆ.

ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡಿತ್ತು.
ಹೊಟ್ಟೆಯಲ್ಲಿ ಉಪ್ಪು ಹಾಕಿದ ಚಹಾ, ಕೊಬ್ಬಿನ ಮಾಂಸ;
ಕಾಯುವಂತಿರಲಿಲ್ಲ.
ನಿದ್ದೆಗೆ ಒಂದು ಸೂಜಿ, ಹಿಂದೆಯೇ ಡಿಟಿಲಿನ್.
ರೆಪ್ಪೆ, ಕೆನ್ನೆ, ತೊಡೆ,
ಚರ್ಮದಡಿ ಇರುವೆಯ ಸಾಲು ಹರಿದಂತೆ ಅದುರಿ
ಒಂದೊಂದಾಗಿ ಮಲಗಿದವು.
ಗಂಟಲಲ್ಲಿ ನಳಿಗೆ ಇಳಿಯಿತು.

ಐದು ನಿಮಿಷದ ನೆಂಟ ಅದು.
ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ
ರಕ್ತದಲ್ಲಿರುವ ಒಂದು ಕಿಣ್ವ
ತುಂಡು ಮಾಡಿ ಆಚೆ ಕಳಿಸುತ್ತದೆ.
ಹೊಲಿಗೆ ಮುಗಿಯಿತು. ಸರ್ಜನ್ ಕೈತೊಳೆದು ಸಿಗರೇಟಿಗೆ ಹೋದ.
ಮುಕಾಶ್ ಉಸಿರಾಡಲಿಲ್ಲ.

ಚೀಲ ಒತ್ತುತ್ತಾ ಕೂತೆ. ನಿದ್ದೆ ಹತ್ತದಿರಲೆಂದು
ಬಾಯಿಬಿಟ್ಟು ಎಣಿಸಿದೆ: ಒಂದು, ಎರಡು, ಮೂರು.
ನಿಮಿಷಕ್ಕೆ ಹನ್ನೆರಡು.
ಕಾವಲುಗಾರನ ರೇಡಿಯೊದಿಂದ ಬ್ಯಾಟರಿ ಕಿತ್ತು
ಮಣಿಕಟ್ಟಿನ ನರಕ್ಕೆ ನಾಲ್ಕು ಸಲ ಕರೆಂಟು ಕೊಟ್ಟರೆ
ಹೆಬ್ಬೆರಳು ಒಮ್ಮೆಯೂ ಓಗೊಡಲಿಲ್ಲ.

ತಲೆಯೊಳಗೆ ಒಬ್ಬೊಬ್ಬರನ್ನೇ ಕರೆದು ನಿಲ್ಲಿಸಿದೆ.
ಮೆಗ್ನೀಸಿಯಂ? ಅದು ಹೆರಿಗೆ ಕೋಣೆಯ ಕಪಾಟಿನಲ್ಲಿದೆ.
ಜೆಂಟಮೈಸಿನ್ ಸೀಸೆಯನ್ನು ಇನ್ನೂ ಒಡೆದೇ ಇರಲಿಲ್ಲ.
ಲಿಥಿಯಂ ನುಂಗುವ ಮುಖವಲ್ಲ ಇವನದು.
ಪ್ರೊಜೆರಿನ್ ಕೊಡೋಣವೆಂದು ಕೈ ಚಾಚಿ
ಚಾಚಿದ ಕೈಯನ್ನೇ ಹಿಂದಕ್ಕೆ ತಂದೆ,
ಯಾಕೆಂದು ನನಗೂ ಆಗ ಗೊತ್ತಿರಲಿಲ್ಲ.

ಒಂಬೈನೂರ ಹದಿನಾರು, ಒಂಬೈನೂರ ಹದಿನೇಳು.
ಹೆಂಡತಿ ಸೈಕಾಲ್ ಬಾಗಿಲಲ್ಲಿ ನಿಂತಿದ್ದಳು
ಗಂಡನ ಕೋಟನ್ನು ಮಡಿಸಿ ಎದೆಗೆ ಒತ್ತಿಕೊಂಡು.
ಕೋಟು ನಾರುತ್ತಿತ್ತು:
ಬೆಳ್ಳುಳ್ಳಿ, ಸೀಮೆಎಣ್ಣೆ, ಒದ್ದೆ ಉಣ್ಣೆ.
“ಏನಿದು ವಾಸನೆ?”
“ಕಜ್ಜಿ ಔಷಧ. ಮೂರು ದಿನ ಕುರಿ ಮುಳುಗಿಸಿದ, ಎಂಟುನೂರು.
ಗುಂಡಿಯಲ್ಲಿ ಸೊಂಟದವರೆಗೆ ನಿಂತು.
ಕೈಗವಸು ಹರಿದಿತ್ತು.”

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ.
ಮುಕಾಶನ ಕೈಯ ಕೆಸರು ಚರ್ಮ ದಾಟಿ ಒಳಗಿಳಿದು
ಆ ಕಿಣ್ವದ ಕತ್ತು ಹಿಡಿದು ಕೂತಿತ್ತು.
ಪ್ರೊಜೆರಿನ್ ಹಿಡಿಯುವುದೂ ಅದೇ ಕತ್ತನ್ನು.
ಉಣ್ಣಿ ಸಾಯಲೆಂದು ಗುಂಡಿಗೆ ಸುರಿದದ್ದೂ
ನಾನು ಒಳ್ಳೆಯದಕ್ಕೆಂದು ಚುಚ್ಚಿದ್ದೂ
ಇವನ ನರದ ತುದಿಯಲ್ಲಿ ಭೇಟಿಯಾಗಿದ್ದವು,
ನನ್ನನ್ನು ಕೇಳದೆ.

ಬೇರೆ ಔಷಧವಿಲ್ಲ. ಒತ್ತುವುದು, ಅಷ್ಟೇ.
ಸೈಕಾಲ್ ನನ್ನ ಬಾಯಿಗೆ ಒಂದು ಕುರುತ್ ಉಂಡೆ ಹಾಕಿದಳು,
ಹುಳಿ ಉಪ್ಪು; ಅದನ್ನು ಚೀಪುತ್ತಾ ಎಣಿಸಿದೆ.
ಬೆಟ್ಟದ ಮೇಲೆ ಬೆಳಕು ಬರುವ ಹೊತ್ತಿಗೆ
ಹೆಬ್ಬೆರಳು ಒಮ್ಮೆ ಅಲುಗಿತು.
ಆಮೇಲೆ ಎರಡು ಸಲ.
ಆಮೇಲೆ ಅವನು ಕೆಮ್ಮಿದ. ಅಷ್ಟು ಚಂದದ ಕೆಮ್ಮನ್ನು
ನಾನು ಮತ್ತೆ ಕೇಳಿಲ್ಲ.

ಅದಕ್ಕೇ ಹೇಳುವುದು, ಮಗಳೇ,
ಏನು ನುಂಗುತ್ತೀರಿ ಎಂದಷ್ಟೇ ಕೇಳಬೇಡ.
ಕೈ ಎಲ್ಲಿತ್ತು, ಕೇಳು. ಕೋಟನ್ನು ಮೂಸಿ ನೋಡು.

ಇನ್ನೊಂದು ಮಾತು. ಇದನ್ನು ಯಾವ ಹಾಳೆಯಲ್ಲೂ ಬರೆದಿಲ್ಲ.
ಐದನೆಯ ದಿನ ಗಂಜಿ ಕುಡಿಯುತ್ತಾ ಮುಕಾಶ್ ಹೇಳಿದ:
“ಡಾಕ್ಟರಮ್ಮ, ಸಾವಿರದ ಆರುನೂರರ ನಂತರ
ಸಾವಿರದ ಎಂಟುನೂರು ಅಂದಿರಿ.
ನಡುವೆ ಒಂದು ನೂರು ಬಿಟ್ಟುಹೋಯಿತು.
ಹೇಳೋಣವೆಂದರೆ ನಾಲಿಗೆ ಏಳಲಿಲ್ಲ.”
ಚಮಚ ಬಟ್ಟಲಲ್ಲಿಟ್ಟ.
“ಕುರಿ ಎಣಿಸುವವನು ನಾನು.
ಆ ನೂರಕ್ಕೆ ಬಹಳ ಹೆದರಿದೆ.”